ಮಷಿನಿನ ಜೀವ

ಏಳನೆಯ ಸಲ ಯಂತ್ರದ ಪರದೆ ಕಪ್ಪಾಯಿತು. ಮಾವಿನಹಣ್ಣು ಹೊತ್ತು ಸಾಗುತ್ತಿದ್ದ ಬೆಲ್ಟು ಗಕ್ಕನೆ ನಿಂತಿತು. ಎರಡು ಸೆಕೆಂಡಿಗೆ ಪರದೆ ತಾನಾಗಿ ಬೆಳಗಿ, ಏನೂ ಆಗಿಯೇ ಇಲ್ಲವೆಂಬಂತೆ ಎಲ್ಲವನ್ನೂ ಮೊದಲಿನಿಂದ ಶುರುಮಾಡಿತು.

“ಮತ್ತ ಸತ್ತು ಹುಟ್ಟಿತು!” ಎಂದ ಶಿದ್ಲಿಂಗಪ್ಪ. ಹಾನಗಲ್ಲಿನ ಆ ಮಾವಿನ ರಸದ ಕಾರ್ಖಾನೆ ಅವನದು. ಇಂದು ಹಂಗಾಮಿನ ಮೊದಲ ದಿನ. “ನೋಡ ತಂಗಿ, ಹನ್ನೆರಡರೊಳಗ ಆಗಲಿಲ್ಲಂದ್ರ ಹುಬ್ಬಳ್ಳಿಯಿಂದ ಬ್ಯಾರೆ ಡಬ್ಬಿ ತರಸ್ತೇನಿ. ನಿಂದು ನೀ ಒಯ್ಯಿ.”

ನುಜಹತ ಟೆಸ್ಟರು ಕೈಗೆತ್ತಿಕೊಂಡಳು. ಅವನು ಡಬ್ಬಿ ಎಂದ, ಯಂತ್ರಗಳನ್ನೆಲ್ಲ ಆಡಿಸುವ ಆ ಕಂಟ್ರೋಲ್ ಪ್ಯಾನೆಲ್ಲನ್ನು ಸವಣೂರಿನಲ್ಲಿ ಅಪ್ಪನ ಅಂಗಡಿಯಲ್ಲಿ ಕೂತು ಅವಳೊಬ್ಬಳೇ ಕಟ್ಟಿದ್ದಳು. ಅವಳ ಮೊದಲ ಪ್ಯಾನೆಲ್ಲು. ಅದು ವಾಪಸು ಬಂತೆಂದರೆ ಅಪ್ಪ ಕರೀಮಸಾಬ ಇನ್ನು ಮೇಲೆ ಸ್ವಿಚ್‌ಬೋರ್ಡು ಬಿಟ್ಟು ಬೇರೇನನ್ನೂ ಅವಳ ಕೈಗೆ ಕೊಡುವವನಲ್ಲ.

ಬರುವ ಕರೆಂಟು ನೋಡಿದಳು, ಸರಿಯಿತ್ತು. ಮೋಟರುಗಳನ್ನು ನೋಡಿದಳು, ಅವೂ ಸರಿ. ಹಾಗಾದರೆ ಯಾಕೆ ಸಾಯುತ್ತದೆ ಈ ಹಾಳಾದ್ದು?

ಹಣ್ಣು ಆರಿಸುವ ಅನ್ನವ್ವ ಬೆಲ್ಟಿನಾಚೆಯಿಂದ ಅಂದಳು: “ಅದು ಸುಮ್ನ ಹೋಗಂಗಿಲ್ಲವಾ. ಗೊರಟಿ ತಗಿಯೋ ಡ್ರಮ್ಮು ಗದಗದ ನಡುಗಾಕ ಹತ್ತಿದ ಮ್ಯಾಲನ ಹೋಗತೈತಿ. ಮುಂಜಾನಿಂದ ನೋಡಾಕತ್ತೇನಿ.”

“ಏಳೂ ಸಲ?”

“ಏಳೂ ಸಲ!”

ನಡುಕ! ನುಜಹತಳ ಕೈಗೆ ಎಲ್ಲಿಲ್ಲದ ಚುರುಕು ಬಂತು. ಮೇನ್ ಸ್ವಿಚ್ಚು ಆರಿಸಿ ಪ್ಯಾನೆಲ್ಲಿನ ಬಾಗಿಲು ತೆಗೆದಳು. ವೈರುಗಳ ಹಿಂದೆ ಬೆರಳು ಆಡಿಸಿದಳು. ಗಟ್ಟಿಯಾದದ್ದೇನೋ ತಾಗಿತು. ಹಳದಿ ದಾರ, ಅದರ ತುದಿಗೆ ಹೆಬ್ಬೆರಳಿನಷ್ಟು ದಪ್ಪದ ಅರಿಷಿಣದ ಕೊಂಬು. ಕಟ್ಟಿದ್ದು ಎಲ್ಲಿಗೆ? ಪ್ಯಾನೆಲ್ಲಿನ ಮಿದುಳಾದ ಕಂಟ್ರೋಲರಿಗೆ ಕರೆಂಟು ಕೊಡುವ ಸಣ್ಣ ವೈರಿಗೇ. ಡ್ರಮ್ಮು ನಡುಗಿದಾಗಲೆಲ್ಲ ಕೊಂಬು ಜೋತಾಡಿ ವೈರನ್ನು ಜಗ್ಗುತ್ತಿತ್ತು. ವೈರು ಒಂದು ಕ್ಷಣ ಕಳಚಿ ಮತ್ತೆ ಕೂಡುತ್ತಿತ್ತು.

“ಸಿಕ್ತು! ಸಿಕ್ತ್ರೀ ಸಾವ್ಕಾರ್ರ!” ಎಂದು ನಿಂತಲ್ಲೇ ಕುಣಿದಳು.

ಅನ್ನವ್ವನ ಮುಖ ಸಣ್ಣದಾಯಿತು. “ನಾನ ಕಟ್ಟೇನವಾ, ಶುಕ್ರವಾರ ಪೂಜಾದಾಗ. ಮಷಿನಿನ ಜೀವ ಇದರಾಗ ಐತಿ ಅಂತ ನೀನ ಆ ವೈರು ತೋರಿಸಿದ್ದೆಲ್ಲ. ಕಂಕಣ ಮತ್ತೆಲ್ಲಿ ಕಟ್ಟಲಿ?”

ಹೇಳಿದ್ದು ಹೌದು. ನುಜಹತಳಿಗೆ ನಗು ತಡೆಯಲಾಗಲಿಲ್ಲ. ಕತ್ತರಿ ಕೈಯಲ್ಲಿದ್ದರೂ ದಾರಕ್ಕೆ ಹಚ್ಚಲಿಲ್ಲ. “ನೀವ ಬಿಚ್ಚರಿ ಆಯಿ. ಬಾಗಲದ ಹಿಡಿಕಿಗೆ ಕಟ್ಟರಿ.”

“ಅಂದ್ರ ತಪ್ಪು ಅನ್ನವ್ವಂದು,” ಎಂದ ಶಿದ್ಲಿಂಗಪ್ಪ.

ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನುಜಹತಳ ಬೆರಳಿಗೆ ಆ ವೈರಿನ ಸ್ಕ್ರೂ ಸಲೀಸಾಗಿ ತಿರುಗುತ್ತಿತ್ತು. ಬಿಗಿಯಾಗಿ ಕೂತ ವೈರನ್ನು ಒಂದು ಅರಿಷಿಣದ ಕೊಂಬು ಕೀಳಲಾರದು. ಇದು ಅವಳೊಬ್ಬಳಿಗೇ ಗೊತ್ತಿತ್ತು.

“ಅಲ್ರಿ. ಸ್ಕ್ರೂ ಸಡ್ಲ ಬಿಟ್ಟಾಕಿ ನಾನ.”

ಶಿದ್ಲಿಂಗಪ್ಪ ಅವಳನ್ನೇ ನೋಡಿದ. “ಇಂಥಾ ಸ್ಕ್ರೂ ಒಟ್ಟ ಎಷ್ಟದಾವು?”

“ತೊಂಬತ್ತಾರ್ರಿ.”

“ಮತ್ತ ನಿಂತಿ ಯಾಕ?” ಎಂದವನೇ ಸ್ಟೂಲನ್ನು ತಾನೇ ಎಳೆದು ಹಾಕಿ, ಟಾರ್ಚು ಹಿಡಿದು ನಿಂತ.

ಹನ್ನೆರಡು ದಾಟಿತು. ಗಡಿಯಾರದ ಮಾತನ್ನು ಯಾರೂ ಎತ್ತಲಿಲ್ಲ. ಕೊನೆಯ ಸ್ಕ್ರೂ ಬಿಗಿದು ನುಜಹತ ಮೇನ್ ಹಾಕಿದಳು. ಡ್ರಮ್ಮು ಎದ್ದಿತು, ಗದಗದ ನಡುಗಿತು, ನೆಲ ಅದುರಿತು. ಪರದೆ ಕಣ್ಣು ಮಿಟುಕಿಸಲಿಲ್ಲ. ಐದು ನಿಮಿಷ. ಹತ್ತು. ಹಣ್ಣು ಆರಿಸುವ ಹೆಂಗಸರು ಹೋ ಎಂದು ಕೂಗಿದರು.

ಶಿದ್ಲಿಂಗಪ್ಪ ಹುಬ್ಬಳ್ಳಿಗೆ ಫೋನು ಹಚ್ಚಿ, ಒಂದು ಕಿವಿ ಮುಚ್ಚಿಕೊಂಡು ಕಿರುಚಿದ: “ಡಬ್ಬಿ ಬ್ಯಾಡ್ರಿ! ನಮ್ದ ಐತಿ!”

ತೊಟ್ಟಿಯೊಳಗೆ ಹಂಗಾಮಿನ ಮೊದಲ ರಸ ದಪ್ಪನಾಗಿ, ನಿಲ್ಲದೆ ಇಳಿಯತೊಡಗಿತ್ತು.