ಬೂಟಿನೊಳಗಿನ ಬೆರಳು

ನನ್ನ ಗಂಡನಿಗೆ ಕೂರುವುದೆಂದರೆ ಆಗದು. ಹದಿನಾರು ವರ್ಷ ಸೈನ್ಯದಲ್ಲಿ ನಿಂತರು. ಒಂಬತ್ತು ವರ್ಷ ಬ್ಯಾಂಕ್ ಮ್ಯಾನೇಜರಾಗಿ, ಒಳ್ಳೆಯ ಕುರ್ಚಿ ಇದ್ದೂ ಕೌಂಟರಿನ ಪಕ್ಕದಲ್ಲೇ ನಿಂತರು. ಆಮೇಲೆ ಚುನಾವಣೆಗೆ ನಿಂತು ಶಾಸಕರಾದರು.

ಅದಕ್ಕೆ ಕಾರಣಳಾದ ಟೈಲರ್ ಅಕ್ಕ ಇವತ್ತು ಸದನದ ಗ್ಯಾಲರಿಯಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದಳು. ಅವಳ ಗಂಡ ನನ್ನವರ ಜೊತೆಗೇ ಗಡಿಗೆ ಹೋದವನು, ವಾಪಸ್ ಬರಲಿಲ್ಲ. ಹೆಣವೂ ಸಿಗಲಿಲ್ಲ. ಅವನ ಉಳಿತಾಯವೆಲ್ಲ ನನ್ನವರ ಬ್ಯಾಂಕಿನಲ್ಲೇ ಇತ್ತು.

"ತೀರ್ಕೊಂಡ್ರು ಅಂತ ಒಂದು ಸಹಿ ಹಾಕ್ಬಿಡಮ್ಮ, ಇವತ್ತೇ ಕೊಡಿಸ್ತೀನಿ" ಎಂದಿದ್ದರು ಇವರು.

ಅವಳು ಫಾರಂ ವಾಪಸ್ ತಳ್ಳಿದಳು. "ನೀವು ಜೊತೇಲೇ ಇದ್ರಲ್ಲ, ಕಣ್ಣಾರೆ ನೋಡಿದ್ರಾ?"

ಇವರು ನೋಡಿರಲಿಲ್ಲ, ಫಾರಂ ಮಡಚಿ ಜೇಬಿಗಿಟ್ಟುಕೊಂಡರು. ಆ ದಿನ ಊಟ ಸೇರಲಿಲ್ಲ. ಈ ಕಾನೂನನ್ನೇ ಬದಲಾಯಿಸ್ತೀನಿ ಅಂತ ತಿಂಗಳೊಳಗೆ ರಾಜೀನಾಮೆ. "ನಾಳೆಯಿಂದ ನಿಮ್ಮ ಆದರ್ಶಾನೇ ಬೇಯಿಸಿ ಹಾಕ್ಲಾ?" ಎಂದು ನಾನೂ ಚೆನ್ನಾಗಿ ಜಾಡಿಸಿದ್ದೆ.

ಇವತ್ತು ಅವರ ಮಸೂದೆ ಮತಕ್ಕೆ ಬಂದಿತ್ತು. ಕಾಣೆಯಾದ ಸೈನಿಕನ ಹೆಂಡತಿ, ಅವನು ಸತ್ತನೆಂದು ಬರೆದುಕೊಡದೆಯೇ ಅವನ ಖಾತೆಯ ಹಣ ಪಡೆಯಬಹುದು. ಅಷ್ಟೇ. ಆ ಸದನದಲ್ಲಿ ಪರವಾಗಿರುವವರು ಎದ್ದು ನಿಲ್ಲಬೇಕು, ಎಣಿಕೆ ಮುಗಿಯುವ ಮೊದಲೇ ಕೂತವರು ಲೆಕ್ಕಕ್ಕಿಲ್ಲ. ಇವರ ಕಡೆಯವರೋ, ಅರ್ಧಕ್ಕರ್ಧ ಮುದುಕರು. ಎದುರಾಳಿಗಳು ಅದನ್ನೇ ನೆಚ್ಚಿಕೊಂಡು, ಎಣಿಕೆ ತಪ್ಪಿದೆ, ಇನ್ನೊಮ್ಮೆ ಎಣಿಸಿ ಎಂದು ಎರಡು ಸಲ ಹಠ ಹಿಡಿದರು.

ಮೂರನೇ ಎಣಿಕೆ ಶುರುವಾಯಿತು. ನಿಂತವರು ನಲವತ್ತೊಂದು, ಗೆಲ್ಲಲು ಬೇಕಾದದ್ದೂ ನಲವತ್ತೊಂದೇ. ಒಬ್ಬರು ಕೂತರೂ ಎಲ್ಲ ನೀರಿನಲ್ಲಿ ಹೋಮ.

ಮುದುಕರು ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಒಂದು ವಾರ ಇವರು ಅವರನ್ನೆಲ್ಲ ನಮ್ಮ ಹಜಾರದಲ್ಲಿ ಸಾಲಾಗಿ ನಿಲ್ಲಿಸಿ ಕವಾಯತು ಕಲಿಸಿದ್ದರು: ಮಂಡಿ ಬಿಗಿಯಬೇಡಿ, ಬೂಟಿನೊಳಗೆ ಬೆರಳು ಆಡಿಸುತ್ತಲೇ ಇರಿ, ಎಷ್ಟು ಹೊತ್ತು ನಿಂತರೂ ಕಾಲು ಸೋಲುವುದಿಲ್ಲ. ಅಷ್ಟು ಜನಕ್ಕೆ ಚಹಾ ಕಾಯಿಸಿ ನನ್ನ ಸೊಂಟ ಬಿದ್ದುಹೋಗಿತ್ತು.

ನಡುಗುತ್ತಿದ್ದದ್ದು ಒಂದೇ ಪ್ಯಾಂಟು, ಬೆಳಿಗ್ಗೆ ನಾನೇ ಇಸ್ತ್ರಿ ಮಾಡಿದ್ದು. ಊರಿಗೆಲ್ಲ ಬುದ್ಧಿ ಹೇಳಿದ ಮಹಾರಾಯರು, ಸಭಾಧ್ಯಕ್ಷರನ್ನು ಸೇನಾಪತಿ ಅಂದುಕೊಂಡರೋ ಏನೋ, ಗುಂಡು ತಾಗಿದ ಮಂಡಿಯನ್ನೇ ಬಿಗಿಹಿಡಿದು ಸೆಟೆದು ನಿಂತುಬಿಟ್ಟಿದ್ದರು. ಎಣಿಸುವ ಗುಮಾಸ್ತ ಇನ್ನೂ ಎರಡು ಸಾಲು ಆಚೆಗಿದ್ದ. ಇವರ ಕೈ ಕುರ್ಚಿಯನ್ನು ಹುಡುಕತೊಡಗಿತು.

ಗ್ಯಾಲರಿಯಲ್ಲಿ ಪಿಟ್ಟೆನ್ನುವಂತಿಲ್ಲ. ಟೈಲರ್ ಅಕ್ಕ ಎದ್ದು ನಿಂತಳು.

"ಬೆರಳು ಆಡಿಸಿ, ಅಣ್ಣ" ಎಂದಳು, ಇಡೀ ಸದನಕ್ಕೆ ಕೇಳುವ ಹಾಗೆ.

ಕಾವಲಿನವನು ಅವಳ ತೋಳು ಹಿಡಿದ. ನಾನು ಅವನ ತೋಳು ಹಿಡಿದೆ. ಕೆಳಗೆ ನನ್ನವರ ಮಂಡಿ ಚೂರು ಸಡಿಲವಾಯಿತು. ಕುರ್ಚಿ ಹುಡುಕುತ್ತಿದ್ದ ಕೈ ಮೇಲೆ ಬಂತು. ಗುಮಾಸ್ತ ಬಂದ, ಪೆನ್ನು ತೋರಿಸಿದ, ದಾಟಿಹೋದ.

"ನಲವತ್ತೊಂದು" ಎಂದರು ಸಭಾಧ್ಯಕ್ಷರು.

ಕಾವಲಿನವನು ನಮ್ಮಿಬ್ಬರನ್ನೂ ಹೊರಗೆ ದಬ್ಬಿದ. ದಬ್ಬಲಿ, ಯಾರಿಗೆ ಬೇಕು? ನಾನು ಮೆಟ್ಟಿಲ ಮೇಲೆಯೇ ಕುಣಿದೆ. ಈ ವಯಸ್ಸಿನಲ್ಲಿ, ನಾಲ್ಕು ಜನ ನೋಡುತ್ತಿರುವಾಗಲೇ ಕುಣಿದೆ.

ಇವರು ಕುಂಟುತ್ತಾ ಬಂದರು. "ಆ ಬೆರಳಿನ ವಿದ್ಯೆ ನಂಗೆ ಹೇಳ್ಕೊಟ್ಟಿದ್ದೇ ನಿನ್ ಗಂಡ ಕಣಮ್ಮ."

"ಗೊತ್ತು. ಮದುವೆ ದಿನ ನಿಂತು ನಿಂತು ಕಾಲು ನೋವು ಅಂದೆ, ಆಗ ನಂಗೂ ಹೇಳ್ಕೊಟ್ರು." ಟೈಲರ್ ಅಕ್ಕ ಕಣ್ಣೊರೆಸಿಕೊಂಡು ನಕ್ಕಳು. "ನೀವು ಮರ್ತೇಬಿಟ್ಟಿದ್ರಿ. ಬರ್ಲಿ, ಅವ್ರಿಗೆ ಹೇಳ್ತೀನಿ."

"ಹೇಳಮ್ಮ" ಎಂದರು ನನ್ನವರು.