ಅಪೊಲಿನ್‌ಳ ಹಾಸುಬಟ್ಟೆಗಳು

ಟಕ್ ಎಂದಿತು, ಅಲ್ಲ, ಅದಕ್ಕಿಂತ ಮೆತ್ತಗೆ, ಕಬ್ಬಿಣ ಕಬ್ಬಿಣಕ್ಕೆ ತಾಕಿ ನಾಚಿ ಸುಮ್ಮನಾದ ಹಾಗೆ, ತೋಟದ ಬಾಗಿಲಿನ ಅಗುಳಿ ಅದು, ತುಸು ಮೇಲೆತ್ತಿ ಎಳೆದರೆ ಕಿರುಗುಟ್ಟುವುದಿಲ್ಲವೆಂದು ಈ ಮನೆಯಲ್ಲಿ ಬೆಳೆದವರಿಗೆ ಮಾತ್ರ ಗೊತ್ತು, ಹಾಗಾದರೆ ಸಿದೋನಿ, ಬೆಳಗಾದರೆ ಮದುವೆಯಾಗಬೇಕಾದ ನನ್ನ ಕಿರಿಯ ಮಗಳು — ಗಂಟೆಯ ಹಗ್ಗ ಹಾಸಿಗೆಯ ಪಕ್ಕದಲ್ಲೇ ತೂಗುತ್ತಿದೆ, ಒಮ್ಮೆ ಜಗ್ಗಿದರೆ ಆಳುಕಾಳೆಲ್ಲ ಎದ್ದು ಬರುತ್ತಾರೆ, ಜಗ್ಗಬೇಕು, ತಾಯಿಯಾದವಳು ಜಗ್ಗಲೇಬೇಕು, ಕೈ ಆಗಲೇ ಹಗ್ಗ ಹಿಡಿದಿದೆ, ಆಚೆ ಕೋಣೆಯಲ್ಲಿ ನನ್ನ ಗಂಡ ಕೌಂಟರ ಗೊರಕೆ, ಸಂಜೆ ಅಳಿಯನ ಜೊತೆ ಕುಡಿದ ವೈನು ಗೊರಕೆಯಾಗಿದೆ, ಅಳಿಯ, ಮೊದಲೂ ಅವನೇ ಈಗಲೂ ಅವನೇ, ಮಾರ್ಕ್ವಿಸ್ ರೋಶ್‌ಬ್ರಾಕ್, ದೊಡ್ಡವಳು ಅಪೊಲಿನ್ ಅವನ ಮನೆಯಲ್ಲಿ ಜ್ವರ ಬಂದು ಸತ್ತಳಂತೆ, ಮಕ್ಕಳಾಗಿರಲಿಲ್ಲ, ವರದಕ್ಷಿಣೆಯ ಜಮೀನು ಅವನು ನಮಗೆ ಹಿಂದಿರುಗಿಸಬೇಕಿತ್ತು, ಅದರ ಬದಲು ತಂಗಿಯನ್ನೇ ಕೊಡಿ ಎಂದ, ಸತ್ತ ಹೆಂಡತಿಯ ತಂಗಿಯನ್ನು ಕಟ್ಟಿಕೊಳ್ಳಲು ರೋಮ್‌ನಿಂದ ಪೋಪರ ಅಪ್ಪಣೆ ಬೇಕು, ಅದೂ ಬಂತು, ಮರಳಿ ಬಂದದ್ದು ಅವಳ ಹಾಸುಬಟ್ಟೆಯ ಪೆಟ್ಟಿಗೆಯೊಂದೇ, ಜೊತೆಗೆ ಅವನ ಚೀಟಿ, ಅಕ್ಕನ ಹೆಸರಿನ ಕಸೂತಿ ಅಕ್ಷರ ಬಿಚ್ಚಿ ತಂಗಿಯದು ಹಾಕಿ ಕಳಿಸಿ, ಒಳ್ಳೆ ನಾರುಬಟ್ಟೆ, ದಂಡ ಆಗೋದು ಬೇಡ.

ದಾಸಿಯರ ಕೈಗೆ ಕೊಡಲು ಮನಸ್ಸಾಗಲಿಲ್ಲ, ಮೊನ್ನೆ ಕಿಟಕಿಯ ಬಳಿ ಕೂತು ನಾನೇ ಬಿಚ್ಚುತ್ತಿದ್ದೇನೆ, ಕೆಂಪು ದಾರ, ಅವಳೇ ಹಾಕಿದ ಹೊಲಿಗೆ, ಆಗ ಬೆರಳಿಗೆ ಒರಟಾಗಿ ಏನೋ ಸಿಗುತ್ತದೆ, ಅಂಚು ಜಗಿದು ಜಗಿದು ಜಾಳಾಗಿದೆ, ಇನ್ನೊಂದು ಬಿಡಿಸುತ್ತೇನೆ, ಅದೂ, ಮತ್ತೊಂದು, ಅದೂ, ತಲೆಯ ಕಡೆಯ ಮೂಲೆಯೇ, ಗುಡುಗಿಗೆ ಹೆದರಿದಾಗ ಅಳು ಕೇಳಿಸಬಾರದೆಂದು ಹೊದಿಕೆಯ ಮೂಲೆ ಕಚ್ಚುತ್ತಿದ್ದ ಹುಡುಗಿ ನನ್ನ ಅಪೊಲಿನ್, ಹಿಂದೆ ಯಾವಾಗ ಬಂದು ನಿಂತಳೋ ಸಿದೋನಿ, ಏನಮ್ಮಾ ಅದು, ಏನಿಲ್ಲ ಕಣೇ, ಇಲಿ ಕಡಿದಿದೆ, ಇಲಿ ಎಲ್ಲಾದ್ರಲ್ಲೂ ಅದೇ ಮೂಲೆ ಹುಡುಕ್ಕೊಂಡು ಕಡಿಯುತ್ತಾ, ನಾನು ಸೂಜಿಯನ್ನು ನೋಡಿದೆ, ಅವಳು ನನ್ನನ್ನು ನೋಡಿದಳು. ಕೌಂಟರಿಗೆ ಹೇಳಿದೆ, ಹೇಳಲಿಲ್ಲ ಎನ್ನುವಂತಿಲ್ಲ, ಆ ಬಟ್ಟೆ ಒಂದ್ಸಲ ನೋಡಿ ಅಂದೆ, ಬಟ್ಟೆಬರೆ ಹೆಂಗಸ್ರ ಪಾಡು, ಪೋಪರಿಂದ ಅಪ್ಪಣೆ ತರ್ಸೋಕೆ ನನ್ನ ಚಪ್ಪಲಿ ಸವೆದಿದೆ, ಈಗ ಇಲಿ ಕಥೆ ಹೇಳ್ತೀಯಾ, ಹೋಗು. ಊಟದ ಮೇಜಿನಲ್ಲಿ ಮಾರ್ಕ್ವಿಸ್ ಕಾಡುಹಂದಿಯ ಮಾಂಸ ಕೊಯ್ಯುತ್ತ ನಕ್ಕ, ನಿಮ್ಮನೆ ಹುಡುಗೀರು ಸ್ವಲ್ಪ ಮೆದು ಅತ್ತೆ, ಇವಳಾದ್ರೂ ಬಾಳಿಕೆ ಬರ್ಲಿ, ಎಲ್ಲರೂ ನಕ್ಕರು, ನಾನೂ ನಕ್ಕೆನೇನೋ. ಹದಿನೈದನೇ ವಯಸ್ಸಿಗೆ ಮಠದ ಶಾಲೆಯಿಂದ ನೇರ ನನ್ನನ್ನು ಗಂಡನ ಮನೆಯ ಗಾಡಿಗೆ ಹತ್ತಿಸಿ ನನ್ನಮ್ಮ ಹೇಳಿದ್ದು, ಅಲ್ಲಿ ಏನನ್ಸಿದ್ರೂ ನುಂಗ್ಕೋ ಮಗೂ, ಕಾಗದದಲ್ಲಿ ಬರೀಬೇಡ, ನಾನು ಅಪೊಲಿನ್‌ಗೆ ಹೇಳಿದ್ದೂ ಅದನ್ನೇ, ಅವಳು ಒಳ್ಳೆಯ ಮಗಳು, ಬರೆಯಲಿಲ್ಲ, ಕಚ್ಚಿದಳು.

ನಾಯಿ ಬೊಗಳುತ್ತಿಲ್ಲ, ಅವಳ ಕೈಯ ವಾಸನೆ ಅದಕ್ಕೆ ಗೊತ್ತು, ಈಗ ಪೇರಳೆ ಮರಗಳ ಸಾಲು ದಾಟಿರಬೇಕು, ಹೊಳೆಯಾಚೆ ಸನ್ಯಾಸಿನಿಯರ ಮಠ, ಅಲ್ಲಿ ಇವರ ಅಕ್ಕನೇ ಮಠಾಧಿಪತಿ, ತಮ್ಮನಿಗೆ ಹೆದರುವವಳಲ್ಲ, ಒಳಗೆ ಸೇರಿಸಿಕೊಂಡರೆ ರಾಜನ ಮಾತಿಗೂ ಬಾಗಿಲು ತೆಗೆಯಳು, ನನಗೂ ತೆಗೆಯಳು, ಇನ್ನು ಸಿದೋನಿ ಎಂದರೆ ಮಠದ ಭೇಟಿಕೋಣೆಯ ಜಾಲರಿಯ ಆಚೆ ಒಂದು ಧ್ವನಿ, ಅದನ್ನು ಕೇಳಲೂ ಇವರು ನನ್ನನ್ನು ಕಳಿಸಬೇಕಲ್ಲ, ಕೂಗಿ ಬಿಡಲೇ, ಮೈಮೇಲೆ ಉಣ್ಣೆಯ ಶಾಲನ್ನಾದರೂ ಹಾಕಿಕೊಂಡಳೋ ಇಲ್ಲವೋ, ಹೊಳೆಯ ಹತ್ತಿರ ಚಳಿ, ಸಿದೋನಿ, ಕೂಗು ಗಂಟಲಿಗೆ ಬಂದಿದೆ — ಕೈ ಹಗ್ಗ ಬಿಟ್ಟಿತು. ಬೆಳಿಗ್ಗೆ ಕೇಳುತ್ತಾರೆ, ಏನೂ ಕೇಳಿಸ್ಲಿಲ್ವೇನೇ ನಿನಗೆ, ಇಲ್ಲ, ನಿದ್ದೆ ಬಂದಿತ್ತು, ಪಾದ್ರಿಯ ಮುಂದೆ ಪಾಪನಿವೇದನೆಯಲ್ಲೂ ನಿದ್ದೆ ಎಂದೇ ಹೇಳುತ್ತೇನೆ, ಎಂದಾದರೂ ಜಾಲರಿಯ ಬಳಿ ಬಿಟ್ಟರೆ ಅವಳಿಗೂ ಹೇಳುವುದಿಲ್ಲ, ಹೇಳಿದರೆ ಅವಳ ಮುಖ ನೋಡಿ ಮಠದ ಸೋದರತ್ತೆಗೆ ತಿಳಿಯುತ್ತದೆ, ಅವರಿಂದ ಅವರ ತಮ್ಮನಿಗೆ, ನನ್ನ ಗಂಡನಿಗೆ, ಅಮ್ಮ ಮಲಗಿದ್ದಳು ಎಂದುಕೊಂಡೇ ಇರಲಿ, ಇಲಿ ಎಂದ ಅಮ್ಮ, ಯಾರಿಗೂ ಇಲ್ಲ, ಯಾರಿಗೂ, ನಾಲಿಗೆಗೆ ನಾರಿನ ರುಚಿ, ಒದ್ದೆ, ಹಲ್ಲಿನ ನಡುವೆ ನನ್ನ ಹೊದಿಕೆಯ ಮೂಲೆ.