ಒಂದು ಕಡೆ ಬೋಳಾದ ಚೆಂಡು

ಚೆಂಡು ಒಂದು ಕಡೆ ಬೋಳಾಗಿದೆ, ಮೇಲೇರುವಾಗ ಆ ಬೋಳು ಇಳಿಬಿಸಿಲಿಗೆ ಮಿನುಗುತ್ತದೆ, ಏರಲಿ, ಎಷ್ಟು ಏರುತ್ತದೋ ಏರಲಿ, ಇಳಿಯುವುದಂತೂ ದುರುಗಪ್ಪನ ರ‍್ಯಾಕೆಟ್ಟಿಗೇ — ನಾಳೆ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಹೇಳಬೇಕು, ನಡೆದದ್ದು ನಡೆದಂಗ ಹೇಳ್ತೀನ್ರಿ, ಉಪ್ಪು ಖಾರ ಹಚ್ಚಂಗಿಲ್ಲ, ಎಪ್ಪತ್ತೊಂಬತ್ತರ ರಾಯಚೂರು ಕ್ಲಬ್ಬಿನ ಟೆನಿಸ್ ಡಬಲ್ಸ್ ಫೈನಲ್, ಹೊತ್ತು ಮುಳುಗುತ್ತದೆಂದು ಅಂಪೈರ್ ಕುರ್ಚಿಯಿಂದಲೇ ಕೂಗಿದ್ದು, ಇದೊಂದ ಪಾಯಿಂಟ್ ನೋಡ್ರಪಾ, ಗೆದ್ದವರದ ಕಪ್ಪು — ಕಪ್ಪು ಈಗಾಗಲೇ ತನ್ನ ಜೋಡಿ ಅಬ್ದುಲ್ ವಹೀದನ ಟ್ರಂಕಿನಲ್ಲಿ ಕೂತಂತೆಯೇ, ಸೋಮವಾರ ಅವನಿಗೆ ಗುಲ್ಬರ್ಗಕ್ಕೆ ವರ್ಗ, ಮೂರು ವರ್ಷ ಫೈನಲ್ಲಿನಲ್ಲೇ ಸೋತ ಇಬ್ಬರಿಗೂ ಇದು ಕಡೆಯ ಆಟ, ಬರಿಗೈಲೆ ಕಳಸಂಗಿಲ್ಲ ಭಾಯ್ ಎಂದು ಬೆಳಿಗ್ಗೆ ಮಾತು ಕೊಟ್ಟಾಗಿದೆ — ಎದುರಿಗಾದರೂ ಯಾರು, ಮಾನ್ವಿಯ ಅಕ್ಕಿ ಗಿರಣಿ ವಿರೂಪಣ್ಣ, ಅವನ ಜೋಡಿ ಬಾಯಿ ಬಿಚ್ಚುವುದೇ ಅಪರೂಪದ ಮಹಾಂತಯ್ಯ, ಆ ಮಹಾಂತಯ್ಯನ ಕೀರಲು ದನಿಯನ್ನು ಮೊದಲ ಸೆಟ್ಟಿನಲ್ಲೇ ಕದ್ದು, ಬಿಡ್ರಿ ಸಾವ್ಕಾರ, ನಂದದ ಎಂದು ದುರುಗಪ್ಪ ಇಲ್ಲಿಂದ ಕೂಗಿದ್ದೇ ತಡ ವಿರೂಪಣ್ಣ ರ‍್ಯಾಕೆಟ್ ಇಳಿಸಿ ನಿಂತ, ಚೆಂಡು ಎರಡು ಸಲ ಪುಟಿದು ಅವನ ಕಾಲಬುಡದಲ್ಲಿ ಕೂತಿತು, ಬೋಳು ಮೇಲೆ, ಲೇ ದುರುಗ್ಯಾ, ಇದು ಮೋಸ ಎಂದ ವಿರೂಪಣ್ಣ, ಕೂಗಬಾರದಂತ ಯಾವ ಬುಕ್ಕಿನ್ಯಾಗ ಬರದದ ತೋರಿಸ್ರಿ ಸಾವ್ಕಾರ, ಬುಕ್ಕೇ ಇಲ್ಲದ ಕ್ಲಬ್ಬು, ಪಾಯಿಂಟ್ ಉಳಿಯಿತು, ಎಲ್ಲರೂ ನಕ್ಕರು, ಮಹಾಂತಯ್ಯ ಮಾತ್ರ ನಗಲಿಲ್ಲ, ಸಿಟ್ಟಾಗಲೂ ಇಲ್ಲ, ಚೆಂಡೆತ್ತಿ ಒರೆಸಿ ಕೊಟ್ಟ — ದೇವದುರ್ಗದ ಬಸ್ಸಿನಲ್ಲಿ ಕಂಡಕ್ಟರನ ದನಿಯಲ್ಲಿ ಅರಕೇರಾ ಬಂತು ಇಳೀರಿ ಎಂದು ಅರ್ಧ ಬಸ್ಸನ್ನೇ ಬಯಲಿಗಿಳಿಸಿದ ಗಂಟಲು ದುರುಗಪ್ಪನದು, ಇದರ ಮುಂದೆ ಯಾರು — ಚೆಂಡು ಇಳಿಯುತ್ತಿದೆ, ನೆಟ್ಟಿನ ಬಳಿ ನಿಂತ ವಹೀದನ ತಲೆ ದಾಟಿತು, ಒಂದು ಹೆಜ್ಜೆ ಹಿಂದೆ, ರ‍್ಯಾಕೆಟ್ ಮೇಲೆ, ಹೊಡೆದರೆ ಮುಗಿಯಿತು, ಛೋಡ್ ಭಾಯ್, ಮೇರಾ ಹೈ — ಬಿಡು, ನಂದು ಎನ್ನುವ ವಹೀದನ ಎಲೆಅಡಿಕೆ ತುಂಬಿದ ಮೂಗುದನಿ, ಮೂರು ವರ್ಷ ನಂಬಿದ ದನಿ, ಹಿಂದಕ್ಕೆ ಓಡಿ ಬಂದು ಜಿಗಿದು ಹೊಡೆಯುವುದು ಅವನಿಗೇ ಚೆಂದ, ಹೊಡಿ ಭಾಯ್, ದುರುಗಪ್ಪ ಪಕ್ಕಕ್ಕೆ ಸರಿದ.

ವಹೀದ ಬರಲಿಲ್ಲ, ನೆಟ್ಟಿನ ಬಳಿಯೇ ಇದ್ದಾನೆ, ಬಾಯಿ ಮುಚ್ಚಿ, ಕಣ್ಣು ಬಿಟ್ಟು, ಅವನಾಚೆ ಮಹಾಂತಯ್ಯ, ಮೊದಲ್ನೇ ಸೆಟ್ಟಿನಿಂದ ಮನಸಿನ್ಯಾಗ ವಹೀದರ ದನಿ ರಿಯಾಜ್ ಮಾಡಾಕತ್ತಿದ್ದೆರಿ ಸರ, ಬರೋಬ್ಬರಿ ಬಂತೇನ್ರಿ — ಮೋಸ ಎಂದು ಕೂಗಲು ತೆರೆದ ದುರುಗಪ್ಪನ ಬಾಯಿ ತೆರೆದೇ ಉಳಿಯಿತು, ಯಾವ ಬುಕ್ಕಿನ್ಯಾಗ ಬರದದ, ಆ ಬಾಯಿಂದಲೇ ನಗು, ವಿರೂಪಣ್ಣನ ನಗುವನ್ನೂ ಕ್ಲಬ್ಬಿನ ನಗುವನ್ನೂ ಮುಳುಗಿಸುವ ನಗು, ಇದು ಯಾರ ದನಿ, ಕದ್ದದ್ದಲ್ಲ, ತನ್ನದೇ, ಅರೇ ನಗ್ತೀಯಲ್ಲ ಭಾಯ್, ನನ್ನ ಕಪ್ಪು, ಎನ್ನುತ್ತ ವಹೀದನೂ ನಗುತ್ತಿದ್ದಾನೆ, ಗುಲ್ಬರ್ಗಕ್ಕೆ ಬರಿಗೈ, ನಗು ನಿಲ್ಲದು, ಕಣ್ಣಲ್ಲಿ ನೀರು, ನೀರಿನಾಚೆ, ತನ್ನ ಕಾಲಬುಡದಲ್ಲಿ, ಚೆಂಡು — ಬೋಳು ಮೇಲೆ